ಹಂಪಿಯಲ್ಲಿ ಎಣಿಸಿದ್ದೇನು, ಎಣಿಸದೆ ಬಿಟ್ಟಿದ್ದೇನು?

ನಾವಿರುವ ದ್ವಾರಕಾದ ಸೆಕ್ಟರ್ 12ರಲ್ಲಿ ಲೋದಿಗಳ ಕಾಲದ ಒಂದು ಮೆಟ್ಟಿಲುಬಾವಿ ಇದೆ. ಇಲ್ಲಿನವರು ಅದನ್ನು ಬಾವ್ಲಿ ಅನ್ನುತ್ತಾರೆ. ಒಂದು ಕಾಲದಲ್ಲಿ ಲೋಹರ್‌ಹೇಡಿ ಅನ್ನೋ ಹಳ್ಳಿಗೆ ನೀರು ಕೊಟ್ಟ ಬಾವಿ. ದ್ವಾರಕಾದಲ್ಲಿ ಎಷ್ಟೋ ವರ್ಷಗಳಿಂದ ಇರುವವರಿಗೂ ಅದು ಇರುವುದೇ ಗೊತ್ತಿರುವುದಿಲ್ಲ. ಅದೇ ಕನಾಟ್ ಪ್ಲೇಸ್ ಹತ್ತಿರದ ಅಗ್ರಸೇನ್ ಬಾವ್ಲಿ ನೋಡಿ. 2014ರಲ್ಲಿ 'ಪೀಕೆ' ಸಿನಿಮಾದಲ್ಲಿ ಅದು ಕಂಡಿದ್ದೇ ತಡ, ರಜೆ ದಿನಗಳಲ್ಲಿ ಮೆಟ್ಟಿಲ ಮೇಲೆ ಕಾಲಿಡಲೂ ಜಾಗವಿಲ್ಲ. ಎರಡೂ ಹಳೇ ಬಾವಿಗಳೇ. ಒಂದಕ್ಕೆ ಬರುವವರಿಲ್ಲದ ಚಿಂತೆ, ಇನ್ನೊಂದಕ್ಕೆ ಬಂದವರದೇ ಚಿಂತೆ.

ಹಾಗಾದರೆ ಒಂದು ಜಾಗಕ್ಕೆ ಎಷ್ಟು ಜನ ಬಂದರೆ ಸರಿ? ಇದನ್ನು ಅಳೆಯುವವರು ಯಾರು, ಅಳೆಯುವುದು ಹೇಗೆ?

ದಿಲ್ಲಿ ಕನ್ನಡಿಗರಿಗೆ ಇದರ ಒಂದು ಉತ್ತರ ಚೆನ್ನಾಗಿ ಗೊತ್ತು. ಊರಿಂದ ಬಂದ ನೆಂಟರನ್ನು ಆಗ್ರಾಕ್ಕೆ ಕರೆದುಕೊಂಡು ಹೋಗುವುದು ನಮ್ಮ ಪಾಲಿಗೆ ಬಂದ ಕರ್ತವ್ಯ ತಾನೆ! 1996ರಲ್ಲಿ ಸುಪ್ರೀಂ ಕೋರ್ಟು ತಾಜ್‌ಮಹಲಿನ ಸುತ್ತಲಿನ ಕಾರ್ಖಾನೆಗಳ ಹೊಗೆಗೆ ಕಡಿವಾಣ ಹಾಕಿತು. ಹೊಗೆಯ ನಂತರ ಜನದ ಸರದಿ. 2018ರ ಏಪ್ರಿಲ್‌ನಿಂದ ಟಿಕೆಟ್ಟಿಗೆ ಮೂರು ಗಂಟೆಯ ಮಿತಿ ಬಂತು. ಅದೇ ವರ್ಷದ ಕೊನೆಗೆ ಗೋರಿಯ ಕಟ್ಟಡದೊಳಗೆ ಹೋಗಲು 200 ರೂಪಾಯಿಯ ಬೇರೆ ಟಿಕೆಟ್ ಬಂತು. ಅಲ್ಲಿ ಜನಸಂದಣಿಯನ್ನು ಗಡಿಯಾರದಿಂದ ಮತ್ತು ಜೇಬಿನಿಂದ ನಿಭಾಯಿಸುತ್ತಾರೆ. ತಾಜ್‌ಗೆ ಸುತ್ತ ಗೋಡೆ ಇದೆ, ಬಾಗಿಲುಗಳಿವೆ, ಒಳಗೆ ಯಾರೂ ವಾಸವಿಲ್ಲ. ಆದ್ದರಿಂದ ಈ ಲೆಕ್ಕ ಅಲ್ಲಿ ನಡೆಯುತ್ತದೆ.

ನಮ್ಮ ಹಂಪಿಗೆ? ರಜೆಗೆ ಊರಿಗೆ ಹೋದಾಗ ದಿಲ್ಲಿಯಲ್ಲಿ ಬೆಳೆದ ಮಕ್ಕಳಿಗೆ, ಜೊತೆಗೆ ಬಂದ ಉತ್ತರದ ಸ್ನೇಹಿತರಿಗೆ 'ನೋಡಿ, ಇದು ನಮ್ಮದು' ಎಂದು ತೋರಿಸುವ ಜಾಗ ಅದು. ಅಲ್ಲಿ ಗೋಡೆಯೂ ಇಲ್ಲ, ಒಂದೇ ಬಾಗಿಲೂ ಇಲ್ಲ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಹೊಳೆಯಾಚೆ ಆನೆಗೊಂದಿಯಲ್ಲಿ ಜನರಿದ್ದಾರೆ, ನಡುವೆ ಬಾಳೆತೋಟ, ಗದ್ದೆ. ಅದಕ್ಕೇ ಹಂಪಿಯನ್ನು ಅಳೆದ ಕತೆ ತಾಜ್‌ನ ಕತೆಗಿಂತ ಉದ್ದ, ಮತ್ತು ಹೆಚ್ಚು ನೋವಿನದು.

ಮೊದಮೊದಲು ಅಳೆದದ್ದು ಕಲ್ಲನ್ನು. 1799ರ ಹೊತ್ತಿಗೆ ಕಾಲಿನ್ ಮೆಕೆಂಜಿ ಹಂಪಿಗೆ ಬಂದು ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಫೋಟೋ ತೆಗೆದ. 1900ರಲ್ಲಿ ರಾಬರ್ಟ್ ಸೀವೆಲ್ ಪುಸ್ತಕ ಬರೆದು, ಪೋರ್ಚುಗೀಸರ ಹಳೆಯ ವರದಿಗಳನ್ನು ಇಂಗ್ಲಿಷಿಗೆ ತಂದ. 1980ರ ಸುಮಾರಿಗೆ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಶುರುಮಾಡಿದ ಸಂಶೋಧನೆ ಎರಡು ದಶಕಕ್ಕೂ ಮೀರಿ ನಡೆಯಿತು. ಒಂದೊಂದು ಗೋಡೆ, ಒಂದೊಂದು ಮಂಟಪ ನಕ್ಷೆಗೆ ಬಂತು. ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೈದು ವರ್ಷದಲ್ಲಿ ಏನು ಬಿದ್ದಿದೆ, ಏನು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಅಳತೆ ಬೇಕೆ? ಕಲ್ಲಿಗೆ ಬೇಡ. ಆದರೆ ಆ ಕಲ್ಲಿನ ನಡುವೆ ಬದುಕುವವರ ಮಟ್ಟಿಗೆ ಇಂಥ ಶ್ರದ್ಧೆಯ ಅಳತೆ ಯಾರೂ ಮಾಡಲಿಲ್ಲ.

1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆಲ್ಲ ಹೆಮ್ಮೆ. 1999ರಲ್ಲಿ ಅದೇ ಹಂಪಿ 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಬಂತು. ಕಾರಣ ಎರಡು ಸೇತುವೆ. ತಳವಾರಘಟ್ಟದಿಂದ ಆನೆಗೊಂದಿಗೆ ದೊಡ್ಡದೊಂದು, ವಿರೂಪಾಪುರ ಗಡ್ಡೆಗೆ ನಡೆದು ಹೋಗುವ ಚಿಕ್ಕದೊಂದು. ಸೇತುವೆ ಬಂದರೆ ಲಾರಿ ಬರುತ್ತದೆ, ಪರಿಸರ ಕೆಡುತ್ತದೆ ಎಂಬುದು ಆಕ್ಷೇಪ. ತಪ್ಪಲ್ಲ. ಆದರೆ ಆನೆಗೊಂದಿಯ ಕಡೆಯಿಂದ ಯೋಚಿಸಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ದೊಮಿಂಗೊ ಪೇಸ್, ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ಬೆತ್ತದ ಬುಟ್ಟಿ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು. ಐನೂರು ವರ್ಷ ಹತ್ತಿರ ಬಂದರೂ ಅದೇ ಹರಿಗೋಲು! ಪ್ರವಾಸಿಗೆ ಅದು ಫೋಟೋ. ತುಂಬಿದ ತುಂಗಭದ್ರೆಯ ಎದುರು ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸೇರಿಸಬೇಕಾದವನಿಗೆ ಅದೇನು?

2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ದೊಡ್ಡ ಸೇತುವೆಯ ಕೆಲಸ ಮತ್ತೆ ಶುರುವಾಯಿತು. 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಅದು ಕುಸಿದು ಕಾರ್ಮಿಕರು ಸತ್ತರು. ಆಮೇಲೆ ಬುಕ್ಕಸಾಗರ–ಕಡೇಬಾಗಿಲು ನಡುವೆ, ಸ್ಮಾರಕಗಳಿಂದ ದೂರ, ಸೇತುವೆ ಬಂತು. ಊರಿನವರ ಅಗತ್ಯ ಮತ್ತು ಕಲ್ಲಿನ ಅಗತ್ಯ ಎರಡನ್ನೂ ಮೊದಲೇ ಒಟ್ಟಿಗೆ ಕೂರಿಸಿ ಲೆಕ್ಕ ಹಾಕಿದ್ದರೆ ಆ ದೂರದ ಜಾಗ ಮೊದಲೇ ಹೊಳೆಯುತ್ತಿತ್ತೇನೋ.

ಇದರ ನಡುವೆ ಹಂಪಿಗಾಗಿಯೇ ಒಂದು ಪ್ರಾಧಿಕಾರ ಬಂತು. 2002ರ ಕಾಯ್ದೆಯಂತೆ ಹುಟ್ಟಿದ 'ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ'. ಇದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿ. ಹೊಳೆಯ ಈಚೆ ಆಗ ಬಳ್ಳಾರಿ ಜಿಲ್ಲೆ (2021ರಿಂದ ವಿಜಯನಗರ ಜಿಲ್ಲೆ), ಆಚೆ ಕೊಪ್ಪಳ ಜಿಲ್ಲೆ. ಅಂದರೆ ಹಂಪಿಯನ್ನು ನೋಡಿಕೊಳ್ಳುವುದೆಂದರೆ ಒಂದು ಗುಡಿಯನ್ನಲ್ಲ, ಒಂದು ಸೀಮೆಯನ್ನೇ ನೋಡಿಕೊಳ್ಳುವುದು ಎಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು.

ಕಾಗದಕ್ಕೂ ನೆಲಕ್ಕೂ ಎಷ್ಟು ದೂರ ಎಂಬುದು 2011ರ ಜುಲೈನಲ್ಲಿ ಗೊತ್ತಾಯಿತು. ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ಜನ ಅಂಗಡಿ, ಹೋಟೆಲು, ಮನೆ ಮಾಡಿಕೊಂಡಿದ್ದರು. ಪ್ರವಾಸಿಗರು ಹೆಚ್ಚಿದಂತೆ ಸಿಮೆಂಟು, ತಗಡು, ಮಹಡಿ ಎಲ್ಲ ಬಂದವು. ಕೋರ್ಟಿನ ಆದೇಶದ ಮೇಲೆ ಅಲ್ಪ ಕಾಲದ ಸೂಚನೆ ಕೊಟ್ಟು ಜೆಸಿಬಿ ಹರಿಸಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಕಡ್ಡಿರಾಂಪುರದ ಕಡೆ ಹೊಸ ಜಾಗ ತೋರಿಸಿದರು.

ಮಂಟಪದ ಕಂಬಕ್ಕೆ ಸಿಮೆಂಟು ಬಡಿಯುವುದು ಸರಿಯೇ? ಅಲ್ಲವೇ ಅಲ್ಲ. ಆದರೆ ಅದು ಒಂದೇ ರಾತ್ರಿಯಲ್ಲಿ ಬೆಳೆದದ್ದೂ ಅಲ್ಲ. ಎಲ್ಲರ ಕಣ್ಣೆದುರೇ ವರ್ಷವರ್ಷ ಬೆಳೆಯಿತು. ಪೇಸ್ ನೋಡಿದಾಗಲೂ ಅದು ಜನ ಇದ್ದ, ವ್ಯಾಪಾರ ನಡೆದ ಬೀದಿಯೇ ಆಗಿತ್ತು. ಈಗ ಹೋಗಿ ನಿಂತರೆ ಬೀದಿ ಅಗಲವಾಗಿ, ಸ್ವಚ್ಛವಾಗಿ, ಚಂದವಾಗಿ ಕಾಣುತ್ತದೆ. ಬಜಾರು ಎಂಬ ಹೆಸರು ಉಳಿದಿದೆ, ಬಜಾರು ಇಲ್ಲ.

ಹೊಳೆಯಾಚೆ ವಿರೂಪಾಪುರ ಗಡ್ಡೆಯದೂ ಅದೇ ಹಾಡು. ಆ ಪ್ರದೇಶ ಸಂರಕ್ಷಿತವೆಂದು ಸರ್ಕಾರದ ಅಧಿಸೂಚನೆ ಹೊರಟಿದ್ದು 1988ರಲ್ಲಿ. ರೆಸಾರ್ಟುಗಳು ಎದ್ದಿದ್ದು ಅದಾದ ಮೇಲೆ. ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 2020ರ ಫೆಬ್ರವರಿಯಲ್ಲಿ, ಒಡೆದದ್ದು ಮಾರ್ಚಿನಲ್ಲಿ. ಅಧಿಸೂಚನೆಗೂ ಜೆಸಿಬಿಗೂ ನಡುವೆ 32 ವರ್ಷ! ಮೊದಲ ಗುಡಿಸಲು ಎದ್ದಾಗ 'ಇಷ್ಟು ಸಾಕು, ಇಲ್ಲಿ ಬೇಡ, ಅಲ್ಲಿ ಮಾಡಿಕೊಳ್ಳಿ' ಎನ್ನುವುದು ನಿರ್ವಹಣೆ. ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಒಡೆಯುವುದಕ್ಕೆ ಬೇರೆ ಹೆಸರು ಹುಡುಕಬೇಕು.

ಪ್ರಪಂಚದಲ್ಲಿ ಈ ವಿಷಯದ ಯೋಚನೆ ಸಾಕಷ್ಟು ಮುಂದೆ ಹೋಗಿದೆ. ಮೊದಲು 'ಎಷ್ಟು ಜನ ಹಿಡಿಸುತ್ತಾರೆ' ಎಂಬ ಒಂದೇ ಲೆಕ್ಕವಿತ್ತು. 2004ರಲ್ಲಿ ವಿಶ್ವ ಪ್ರವಾಸೋದ್ಯಮ ಸಂಸ್ಥೆ ಒಂದು ದೊಡ್ಡ ಕೈಪಿಡಿ ತಂದು, ನೀರೆಷ್ಟು ಖರ್ಚಾಯಿತು, ಕಸ ಎಲ್ಲಿ ಹೋಯಿತು, ಸ್ಥಳೀಯರಿಗೆ ಕೆಲಸ ಸಿಕ್ಕಿತೇ, ಅವರಿಗೆ ಈ ಪ್ರವಾಸಿಗರು ಬೇಕೇ ಎಂಬುದನ್ನೆಲ್ಲ ಎಣಿಸಿ ಎಂದಿತು. 2024ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಹಣ, ಪರಿಸರ, ಸಮಾಜ ಮೂರನ್ನೂ ಸೇರಿಸಿ ಅಳೆಯುವ ಚೌಕಟ್ಟನ್ನು ಒಪ್ಪಿಕೊಂಡಿತು.

ನಮ್ಮಲ್ಲಿ ಅದೇ ವರ್ಷ ಒಂದು ಚಿಕ್ಕ ಪ್ರಯೋಗ ನಡೆಯಿತು. ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದರು. ಆಮೇಲೆ ಅರಣ್ಯ ಇಲಾಖೆ ಒಂದು ಚಾರಣದ ದಾರಿಗೆ ದಿನಕ್ಕೆ 300 ಜನ, ಆನ್‌ಲೈನ್ ಬುಕಿಂಗ್ ಕಡ್ಡಾಯ ಎಂದಿತು. ಹತ್ತುವ ದಾರಿ ಇಂತಿಷ್ಟೇ ಇರುವ ಬೆಟ್ಟಕ್ಕೆ ಇದು ಸರಿ. 29 ಹಳ್ಳಿಯ ಹಂಪಿಯಲ್ಲಿ ಎಲ್ಲಿ ಗೇಟು ಹಾಕುತ್ತೀರಿ? ವಿಠ್ಠಲ ಗುಡಿಗೂ ಕಮಲ ಮಹಲಿಗೂ ಟಿಕೆಟ್ ಇದೆ, ಅಲ್ಲಿ ತಲೆ ಎಣಿಸಬಹುದು. ವಿರೂಪಾಕ್ಷನ ಜಾತ್ರೆಗೆ ಬಂದವರು, ಆಚೆ ದಡದಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು ಆ ಟಿಕೆಟ್ಟಿನ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಟಿಕೆಟ್ಟಿಗೆ ಇನ್ನೂ ಒಂದು ಕುರುಡು ಇದೆ. ಬಸ್ಸಿನಲ್ಲಿ ಬಂದು, ನಾಲ್ಕು ಗಂಟೆ ಸುತ್ತಿ, ಖಾಲಿ ಬಾಟಲಿ ಬಿಸಾಕಿ ಹೊಸಪೇಟೆಗೆ ಮರಳುವವನೂ ಒಂದು ಟಿಕೆಟ್. ಆನೆಗೊಂದಿಯಲ್ಲಿ ಎರಡು ರಾತ್ರಿ ಉಳಿದು, ಅಲ್ಲೇ ಉಂಡು, ಏನಾದರೂ ಕೊಂಡು ಹೋಗುವವಳೂ ಒಂದು ಟಿಕೆಟ್. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ನೋಡಲೇಬೇಕಾದ 52 ಜಾಗಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತು. ಅದೇ ಹೊತ್ತಿಗೆ ಕೆಲವು ಯುವಕರು ಕಂಬ ಉರುಳಿಸಿದ ವಿಡಿಯೋ ಊರೆಲ್ಲ ಹರಿದಾಡಿತು. ಕೋರ್ಟು ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ನೋಡಲು ಬಂದವರು, ಕೆಡಹಲು ಬಂದವರು, ಎಲ್ಲರೂ ಸಂಖ್ಯೆಯಲ್ಲಿ ಒಂದೇ.

ಹಾಗಾದರೆ ಏನನ್ನು ಎಣಿಸಬೇಕು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ನವರಾತ್ರಿಗೆ ಮಹಾನವಮಿ ದಿಬ್ಬದ ಸುತ್ತ ಸೀಮೆಯ ಜನವೆಲ್ಲ ಸೇರುತ್ತಿದ್ದ ಊರು ಅದು. ಅಲ್ಲೇ ಹತ್ತಿರ ಕಲ್ಲಿನ ಕಾಲುವೆಯಿಂದ ನೀರು ಪಡೆಯುತ್ತಿದ್ದ ಪುಷ್ಕರಣಿ, ಭೋಜನಶಾಲೆ ಎಂದು ಕರೆಯುವ ಜಾಗದಲ್ಲಿ ಸಾಲಾಗಿ ಕೊರೆದ ಕಲ್ಲಿನ ತಟ್ಟೆಗಳು. ಬಂದವರಿಗೆ ನೀರು, ಊಟ ಎಲ್ಲಿಂದ ಎಂಬುದು ಅಲ್ಲಿ ಕಲ್ಲಿನಲ್ಲೇ ಇದೆ. ಅವರ ಕಾಲದ ತುರ್ತು ಕಾಲುವೆಯಲ್ಲಿ ಈಗಲೂ ನೀರು ಹರಿಯುತ್ತದೆ, ಬಾಳೆ ಬೆಳೆಯುತ್ತದೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ 1990ರ ದಶಕದ ಕೊನೆಯಿಂದ ಬಾಳೆನಾರಿನಿಂದ ಚೀಲ, ಚಾಪೆ ಹೆಣೆಯುವ ಕೆಲಸವನ್ನು ಅಲ್ಲಿನ ಹೆಂಗಸರಿಗೆ ಕಲಿಸಿದೆ. ವಿಠ್ಠಲ ಗುಡಿಗೆ ಡೀಸೆಲ್ ಬಸ್ಸು ಬಿಡದೆ ಬ್ಯಾಟರಿ ಗಾಡಿ ಇಟ್ಟು, ಅದನ್ನು ಓಡಿಸಲು ಸ್ಥಳೀಯ ಹೆಣ್ಣುಮಕ್ಕಳನ್ನೇ ತೆಗೆದುಕೊಂಡರು. ಕಲ್ಲಿಗೂ ಅನುಕೂಲ, ಮನೆಗೂ ಅನುಕೂಲ. ಎಷ್ಟು ಟಿಕೆಟ್ ಹರಿದೆವು ಎಂಬುದರ ಪಕ್ಕದಲ್ಲಿ ಈ ವರ್ಷ ಎಷ್ಟು ಮನೆಗೆ ಸಂಬಳ ಹೋಯಿತು, ಎಷ್ಟು ಕಸ ಎತ್ತಿದೆವು, ಎಷ್ಟು ಊರಿನವರು 'ಸಾಕು' ಎಂದರು ಎಂಬ ಸಾಲುಗಳೂ ಇದ್ದರೆ ಮುಂದಿನ ಜೆಸಿಬಿ ತಪ್ಪೀತು.

ದೂರದಲ್ಲಿರುವ ನಮಗೆ ಹಂಪಿ ಅಂದರೆ ಐವತ್ತು ರೂಪಾಯಿ ನೋಟಿನ ಕಲ್ಲಿನ ರಥ. ಅಲ್ಲಿಯವರಿಗೆ ಅದು ಮನೆ, ಗದ್ದೆ, ಮಗಳ ಶಾಲೆ. ಮುಂದಿನ ರಜೆಗೆ ಹೋಗುವವರು ದಯವಿಟ್ಟು ಒಂದು ರಾತ್ರಿಯಾದರೂ ಆ ಹಳ್ಳಿಗಳಲ್ಲಿ ಉಳಿಯಿರಿ, ಊಟ ಅಲ್ಲೇ ಮಾಡಿ, ಬಾಟಲಿ ವಾಪಸ್ಸು ತನ್ನಿ. ಬಡಿಸುವ ಅಮ್ಮನನ್ನು 'ಜನ ಜಾಸ್ತಿ ಆದ್ರಾ, ಕಮ್ಮಿ ಆದ್ರಾ?' ಎಂದು ಕೇಳಿ ನೋಡಿ. ಯಾವ ಇಲಾಖೆಯ ಕೋಷ್ಟಕದಲ್ಲೂ ಸಿಗದ ಲೆಕ್ಕ ಆಕೆಯ ಹತ್ತಿರ ಇರುತ್ತದೆ.