ಹಲ್ಲಿನ ಡಾಕ್ಟ್ರ ಕೈಗೆ ಪೆಟ್ಟಾದ್ರೆ ಯಾವ ವಿಮೆ?

ಬಾರ್ಕೂರು: ಬಾರ್ಕೂರಿನಂಥ ಸಣ್ಣ ಪೇಟೆಯಲ್ಲಿ ಒಬ್ಬರೇ ಕ್ಲಿನಿಕ್ ನಡೆಸುವ ದಂತವೈದ್ಯರು ಕೈಗೆ ಪೆಟ್ಟಾಗಿ ಮನೆಯಲ್ಲಿ ಕೂತರೆ ಸಂಬಳ ಕೊಡುವವರಿಲ್ಲ. ಬಾಡಿಗೆ, ಕುರ್ಚಿ-ಮೆಷಿನ್ ಸಾಲದ ಕಂತು ಮಾತ್ರ ನಿಲ್ಲಲ್ಲ. ಆರೋಗ್ಯ ವಿಮೆ ಆಸ್ಪತ್ರೆ ಬಿಲ್ಲಿಗಷ್ಟೇ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗೆ, ಅದೂ ಅಪಘಾತಕ್ಕೆ ಮಾತ್ರ. ಎರಡೂ ಕೈ ಪೂರ್ತಿ ಹೋದರೆ 2 ಲಕ್ಷ, ಒಂದು ಕೈಗೆ 1 ಲಕ್ಷ. ಬರೀ ಹೆಬ್ಬೆರಳು ಹೋದರೆ ಏನೂ ಇಲ್ಲ. ಹೆಬ್ಬೆರಳಿಲ್ಲದೆ ಹಲ್ಲು ಕೀಳೋದು ಹೇಗೆ?

ಅದಕ್ಕೇ ಮೇಲೊಂದು ವೈಯಕ್ತಿಕ ಅಪಘಾತ ವಿಮೆ ಬೇಕು. 2021ರಲ್ಲಿ ಬಂದ ‘ಸರಳ ಸುರಕ್ಷಾ ಬಿಮಾ’ದಲ್ಲಿ ಮೊತ್ತ 2.5 ಲಕ್ಷದಿಂದ 1 ಕೋಟಿವರೆಗೆ. ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ಶೇಕಡಾವಾರು ಹಣ ಸಿಗುತ್ತೆ. ಬೆರಳಿಗೆ ಎಷ್ಟು ಅನ್ನೋ ಪಟ್ಟಿ ಏಜೆಂಟರ ಹತ್ರ ಕೇಳಿ ನೋಡಿ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ‘ತಾತ್ಕಾಲಿಕ ಪೂರ್ಣ ಅಂಗವೈಕಲ್ಯ’ ಸೇರಿಸಿಕೊಂಡರೆ ಕೆಲಸ ಮಾಡಲಾಗದ ವಾರಗಳಿಗೂ ಪರಿಹಾರ ಉಂಟು. ಸಾಲದ ಕಂತು ಇರುವವರಿಗೆ ಮುಖ್ಯ ಇದೇ.

ವರ್ಷಗಟ್ಟಲೆ ಬಗ್ಗಿ ಕೆಲಸ ಮಾಡಿ ಬಂದ ಬೆನ್ನುನೋವು, ಕುತ್ತಿಗೆ ನೋವು ಇದರಲ್ಲಿ ಬರಲ್ಲ. ಅದು ಅಪಘಾತ ಅಲ್ಲ. ಟೈಲರ್, ಚಿನ್ನದ ಕೆಲಸದವರಿಗೂ ಲೆಕ್ಕ ಇಷ್ಟೇ.