ನಾಲ್ಕು ಗಾಬ್ಲಿನ್‌ಗಳ ಲೆಕ್ಕ: ಕಾಳಗ ಎಷ್ಟು ಕಷ್ಟ ಅಂತ ಅಳೆಯೋದು ಹೇಗೆ?

ಇವತ್ತಿನ ಕಂತಿನಲ್ಲಿ ಪ್ರಶ್ನೆ ಚಿಕ್ಕದು, ಅದರ ಇತಿಹಾಸ ಮಾತ್ರ ಐವತ್ತು ವರ್ಷದ್ದು.

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಗೊತ್ತಲ್ವಾ? ಮೇಜಿನ ಸುತ್ತ ನಾಲ್ಕೈದು ಜನ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಜೊತೆಗೆ ದಾಳ. ಕಥೆ ನಡೆಸೋರು ಡಂಜನ್ ಮಾಸ್ಟರ್. ಎದುರಿಗೆ ಯಾವ ಪ್ರಾಣಿ ಬರಬೇಕು, ಎಷ್ಟು ಬರಬೇಕು ಅಂತ ತೀರ್ಮಾನಿಸೋರೂ ಅವರೇ. ಜಾಸ್ತಿಯಾದ್ರೆ, ಆರು ತಿಂಗಳು ಪ್ರೀತಿಯಿಂದ ಬೆಳೆಸಿದ ಪಾತ್ರ ಒಂದೇ ಸಂಜೆಗೆ ಸಾಯುತ್ತೆ. ಕಡಿಮೆಯಾದ್ರೆ ಆಟ ಸಪ್ಪೆ. ಹಾಗಾದ್ರೆ ಅಳತೆ ಯಾವುದು? ತಪ್ಪಾದ್ರೆ ಹೊಣೆ ಯಾರದ್ದು?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟವನ್ನು ಪ್ರಕಟಿಸಿದ್ದು 1974ರಲ್ಲಿ. ಆಗ ಅಳತೆ ಸರಳವಾಗಿತ್ತು: ನೆಲಮಾಳಿಗೆಯಲ್ಲಿ ಎಷ್ಟು ಆಳಕ್ಕೆ ಇಳೀತೀರೋ ಅಷ್ಟು ಅಪಾಯ. ಬಯಲಿಗೆ ಹೋದರಂತೂ ಓರ್ಕ್‌ಗಳ ಗುಂಪು 30ರಿಂದ 300ರವರೆಗೆ! ಸಮಬಲದ ಕಾಳಗ ಸಿಗುತ್ತೆ ಅನ್ನೋ ಭರವಸೆಯನ್ನು ಯಾರೂ ಕೊಡ್ತಿರಲಿಲ್ಲ. ಓಡಿಹೋಗೋದು, ಮಾತಾಡಿ ಒಪ್ಪಿಸೋದು, ಅಡಗಿಕೊಳ್ಳೋದು ಎಲ್ಲವೂ ಆಟವೇ. ಇನ್ನೊಂದು ಮಹಡಿ ಇಳಿಯಬೇಕಾ ಬೇಡವಾ ಅಂತ ನಿರ್ಧರಿಸೋದು ಆಟಗಾರರು. ಹಾಗಾಗಿ ಹೊಣೆಯೂ ಬಹುಪಾಲು ಅವರದ್ದೇ.

2000ದಲ್ಲಿ ಬಂದ ಮೂರನೇ ಆವೃತ್ತಿ ಇದನ್ನು ಬದಲಿಸಿತು. ಪ್ರತಿ ಪ್ರಾಣಿಗೂ 'ಚಾಲೆಂಜ್ ರೇಟಿಂಗ್' ಅನ್ನೋ ಅಂಕಿ ಬಂತು. ರೇಟಿಂಗ್ 5 ಅಂದ್ರೆ, ಐದನೇ ಲೆವೆಲ್‌ನ ನಾಲ್ವರಿಗೆ ಅದು ತಕ್ಕ ಎದುರಾಳಿ. ಅದನ್ನು ಸೋಲಿಸೋಕೆ ಅವರ ಶಕ್ತಿ, ಮಂತ್ರ, ಮದ್ದುಗಳಲ್ಲಿ ಸುಮಾರು ಶೇ. 20 ಖರ್ಚಾಗಬೇಕು. ಗಮನಿಸಿ, 'ಸಾಯ್ತಾರಾ' ಅನ್ನೋ ಪ್ರಶ್ನೆ ಹೋಗಿ 'ಎಷ್ಟು ಖರ್ಚಾಗುತ್ತೆ' ಅನ್ನೋ ಪ್ರಶ್ನೆ ಬಂತು. ಲೆಕ್ಕ ಹಾಕೋ ಕೆಲಸ ಡಂಜನ್ ಮಾಸ್ಟರ್ ಹೆಗಲಿಗೆ ಬಿತ್ತು. 2008ರ ನಾಲ್ಕನೇ ಆವೃತ್ತಿ ಇನ್ನೂ ಮುಂದೆ ಹೋಯ್ತು: ಪ್ರತಿ ಕಾಳಗಕ್ಕೂ ಎಕ್ಸ್‌ಪಿ ಅಂಕಗಳ ಬಜೆಟ್, ಅದರೊಳಗೆ ಪ್ರಾಣಿಗಳನ್ನು 'ಕೊಂಡುಕೊಳ್ಳಬೇಕು'.

ಈಗ 2014ರ ಐದನೇ ಆವೃತ್ತಿಗೆ ಬರೋಣ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ. ನಾಲ್ಕು ಗಾಬ್ಲಿನ್ ಅಂದ್ರೆ 200. ಮೊದಲ ಲೆವೆಲ್‌ನ ನಾಲ್ವರಿಗೆ 200 ಅಂದ್ರೆ 'ಮಧ್ಯಮ'. ಆದ್ರೆ ನಿಯಮ ಅಲ್ಲಿಗೆ ನಿಲ್ಲಲ್ಲ. ಎದುರಾಳಿಗಳು ಮೂರರಿಂದ ಆರು ಇದ್ದರೆ ಎರಡರಿಂದ ಗುಣಿಸಬೇಕು. 400 ಆಯ್ತು, ಪಟ್ಟಿಯಲ್ಲಿ ಅದರ ಹೆಸರು 'ಮಾರಕ'.

ಯಾಕೆ ಗುಣಿಸಬೇಕು? ನಾಲ್ವರು ಸೇರಿ ಒಬ್ಬ ಮಾಂತ್ರಿಕನ ಮೇಲೆ ಬಿದ್ದರೆ ಒಂದೇ ಸುತ್ತಿನಲ್ಲಿ ನಾಲ್ಕು ಏಟು. ಗಾಬ್ಲಿನ್‌ನ ಒಂದು ಏಟಿಗೆ ಸರಾಸರಿ 5 ಅಂಕ ಹೋಗುತ್ತೆ. ಮಾಂತ್ರಿಕನ ಹತ್ತಿರ ಇರೋದು 8 ಹಿಟ್ ಪಾಯಿಂಟ್ ಅನ್ಕೊಳ್ಳಿ. ಎರಡು ಏಟು ಬಿದ್ದರೆ ಸಾಕು. ಸಂಖ್ಯೆ ಹೆಚ್ಚಿದಂತೆ ಬಲ ಅದಕ್ಕಿಂತ ವೇಗವಾಗಿ ಹೆಚ್ಚುತ್ತೆ ಅಂತ ಬ್ರಿಟಿಷ್ ಎಂಜಿನಿಯರ್ ಲ್ಯಾಂಚೆಸ್ಟರ್ ನಿಜವಾದ ಯುದ್ಧಗಳ ಬಗ್ಗೆ 1916ರಲ್ಲೇ ಬರೆದಿದ್ದ.

2024ರ ಹೊಸ ಪುಸ್ತಕ ಈ ಗುಣಾಕಾರವನ್ನೇ ತೆಗೆದುಹಾಕಿತು. ಅಲ್ಲಿ ಮೊದಲ ಲೆವೆಲ್‌ನ ನಾಲ್ವರಿಗೆ 200 ಎಕ್ಸ್‌ಪಿ ಅಂದ್ರೆ 'ಕಡಿಮೆ' ಕಷ್ಟ. ಅದೇ ನಾಲ್ಕು ಗಾಬ್ಲಿನ್! ಹತ್ತು ವರ್ಷದಲ್ಲಿ 'ಮಾರಕ' ಹೋಗಿ 'ಕಡಿಮೆ' ಆಯ್ತು. ಪಾತ್ರಗಳೂ ಒಂದಿಷ್ಟು ಬಲವಾಗಿವೆ ನಿಜ, ಆದ್ರೆ ಇಷ್ಟು ಅಂತರಕ್ಕೆ ಅದೊಂದೇ ಕಾರಣ ಆಗಲ್ಲ.

ನನಗೆ ಇದರಲ್ಲಿ ಕಾಣೋದು ಇಷ್ಟು: ಈ ಅಂಕಿ ಪ್ರಾಣಿಯನ್ನು ಅಳೆಯುತ್ತೆ, ಸಂದರ್ಭವನ್ನು ಅಳೆಯಲ್ಲ. ಗಾಬ್ಲಿನ್‌ಗಳು ಪೊದೆಯಲ್ಲಿ ಅಡಗಿ ಬಾಣ ಬಿಟ್ಟರೆ ಒಂದು ಕಥೆ, ಇಕ್ಕಟ್ಟಾದ ಬಾಗಿಲಲ್ಲಿ ಒಂದೊಂದಾಗಿ ಬಂದರೆ ಬೇರೆ ಕಥೆ. 2014ರ ಪುಸ್ತಕದ ಲೆಕ್ಕ ನಿಂತಿದ್ದೇ ದಿನಕ್ಕೆ ಆರರಿಂದ ಎಂಟು ಕಾಳಗ ಅನ್ನೋ ಅಂದಾಜಿನ ಮೇಲೆ. ನಿಮ್ಮ ಗುಂಪು ಒಂದೇ ಕಾಳಗ ಆಡಿ ಮನೆಗೆ ಹೋಗುತ್ತೆ ಅಂದ್ರೆ, ಎಲ್ಲ ಮಂತ್ರವನ್ನೂ ಅಲ್ಲೇ ಸುರಿದುಬಿಡ್ತಾರೆ. 'ಮಾರಕ' ಕೂಡ ಸಲೀಸು.

ಹಾಗಂತ ಪಟ್ಟಿ ಬಿಸಾಕಬೇಡಿ. ಹೊಸದಾಗಿ ಆಟ ನಡೆಸೋರಿಗೆ ಅದೇ ಆಸರೆ. ಜೊತೆಗೆ 1974ರ ಪಾಠ ಒಂದನ್ನು ಇಟ್ಕೊಳ್ಳಿ: ಅಪಾಯ ಎಷ್ಟಿದೆ ಅಂತ ಆಟಗಾರರಿಗೆ ಮೊದಲೇ ಸುಳಿವು ಕೊಡಿ, ಓಡಿಹೋಗೋಕೆ ಒಂದು ದಾರಿ ಬಿಡಿ. ಆಮೇಲೆ ಪಾತ್ರ ಸತ್ತರೂ ಮೇಜಿನ ಸುತ್ತ ಮನಸ್ತಾಪ ಇರಲ್ಲ.

ಮುಂದಿನ ಕಂತಿನಲ್ಲಿ ಸಿಗೋಣ.