ಕೂಸಿಗೆ ಹಳೆಯ ಅರಿವೆ: ಕೌದಿಯ ಚರಿತ್ರೆ ಮತ್ತು ಆಗಮನ ಕಾಲ



ಆಗಮನ ಕಾಲದ ಮೊದಲ ಭಾನುವಾರ ಹತ್ತಿರವಾಗುವಷ್ಟರಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಚಳಿ ಕಾಲಿಟ್ಟಿರುತ್ತದೆ. ಹೊಲದಲ್ಲಿ ತೊಗರಿ ಕಾಯಿ ಕಟ್ಟಿರುತ್ತದೆ. ಟ್ರಂಕಿನ ತಳದಲ್ಲಿ ಮಲಗಿದ್ದ ಕೌದಿಗಳು ಅಂಗಳದ ಬಿಸಿಲಿಗೆ ಬರುತ್ತವೆ. ಅದೇ ವಾರ ಅಟ್ಟದ ಮೇಲಿಂದ ಗೋದಲಿಯ ಪೆಟ್ಟಿಗೆಯೂ ಕೆಳಗಿಳಿಯುತ್ತದೆ.

ನಾನು ಸಣ್ಣವನಿದ್ದಾಗ ಒಂದು ವರ್ಷ ಬಾಲಯೇಸುವಿಗೆ ಹಾಸಲೆಂದು ಪೇಟೆಯಿಂದ ಹೊಳೆಯುವ ಸ್ಯಾಟಿನ್ ತುಂಡು ತಂದಿದ್ದೆ. ಗೋದಲಿಯಲ್ಲಿ ಅದನ್ನು ಹಾಸಿ, ಕೂಸನ್ನು ಮಲಗಿಸಿ, ದೂರ ನಿಂತು ನೋಡಿ ಹಿಗ್ಗಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಸ್ಯಾಟಿನ್ ಮಾಯ. ಅದರ ಜಾಗದಲ್ಲಿ ತೊಳೆದು ತೊಳೆದು ಬಣ್ಣ ಹೋದ ಸೀರೆಯ ಚೂರು. ನಾನು ಸಿಟ್ಟಿಗೆದ್ದಾಗ ಆಯಿ ಹೇಳಿದ್ದು ಇಷ್ಟೇ: “ಹಸಿ ಕೂಸಿಗಿ ಹೊಸ ಅರಿಬಿ ಚುಚ್ಚತದಪ್ಪಾ. ಹಳಿದೇ ಮೆತ್ತಗಿರ್ತದ.”

ಮಾತೆ ಮರಿಯಮ್ಮನವರು ತಮ್ಮ ಚೊಚ್ಚಲ ಮಗನನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರೆಂದು ಸಂತ ಲೂಕರು ಎರಡನೆಯ ಅಧ್ಯಾಯದಲ್ಲಿ ಬರೆಯುತ್ತಾರೆ. ಆ ಬಟ್ಟೆ ಹೊಸದೋ ಹಳೆಯದೋ ಅವರು ಹೇಳುವುದಿಲ್ಲ. ಆದರೆ ಬಾಣಂತಿಯ ಕೋಣೆ ಕಂಡ ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಆ ಬಗ್ಗೆ ಸಂದೇಹವಿರಲಾರದು. ಪ್ರಯಾಣದಲ್ಲಿರುವ ಬಡ ಬಸುರಿಯ ಗಂಟಿನಲ್ಲಿ ಇನ್ನೇನಿದ್ದೀತು? ಉಟ್ಟು ಮೆತ್ತಗಾದ ಅರಿವೆಯೇ ಇದ್ದೀತು.

ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ನಾವು ಆಚರಿಸುವ ಈ ಆಗಮನ ಕಾಲದ ಹುಟ್ಟಿನಲ್ಲೇ ಒಂದು ಹೊದಿಕೆಯ ಕಥೆ ಇದೆ. ಐದನೆಯ ಶತಮಾನದಲ್ಲಿ ಗಾಲ್ ದೇಶದ, ಅಂದರೆ ಇಂದಿನ ಫ್ರಾನ್ಸಿನ, ತೂರ್ ಪಟ್ಟಣದ ಬಿಷಪ್ ಪೆರ್ಪೆತುವುಸ್ ಎಂಬವರು ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಮಾಡಬೇಕೆಂದು ಕಟ್ಟಳೆ ಮಾಡಿದರು. ಮುಂದೆ ಅದನ್ನು ಜನ ಸಂತ ಮಾರ್ಟಿನರ ತಪಸ್ಸುಕಾಲ ಎಂದೇ ಕರೆದರು. ಆಗಮನ ಕಾಲದ ಹಳೆಯ ಬೇರುಗಳಲ್ಲಿ ಇದೊಂದು. ಈ ಮಾರ್ಟಿನರು ಯಾರು? ನಾಲ್ಕನೆಯ ಶತಮಾನದ ರೋಮನ್ ಸೈನಿಕ. ಆಮಿಯಾನ್ ಊರಿನ ಹೆಬ್ಬಾಗಿಲಲ್ಲಿ ಕಡುಚಳಿಯಲ್ಲಿ ಬರಿಮೈಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ಕತ್ತಿಯಿಂದ ತಮ್ಮ ಮೇಲುಹೊದಿಕೆಯನ್ನು ಎರಡು ಪಾಲು ಮಾಡಿ ಒಂದನ್ನು ಅವನಿಗೆ ಹೊದಿಸಿದವರು. ಆ ರಾತ್ರಿ ಕನಸಿನಲ್ಲಿ ಆ ಅರ್ಧ ಹೊದಿಕೆಯನ್ನು ಹೊದ್ದು ಬಂದವರು ಪ್ರಭು ಯೇಸುವೇ ಎಂದು ಅವರ ಚರಿತ್ರೆ ಬರೆದ ಸುಲ್ಪಿಸಿಯುಸ್ ಸೆವೇರುಸ್ ಹೇಳುತ್ತಾರೆ. ಆ ಹೊದಿಕೆಯನ್ನು ಫ್ರಾಂಕ್ ಅರಸರು ಪವಿತ್ರ ಅವಶೇಷವೆಂದು ಕಾಪಾಡಿದರು. ಲತೀನಿನಲ್ಲಿ ಹೊದಿಕೆಗೆ ‘ಕಪ್ಪ’, ಚಿಕ್ಕ ಹೊದಿಕೆಗೆ ‘ಕಪ್ಪೆಲ್ಲ’. ಅದನ್ನು ಇಟ್ಟ ಜಾಗಕ್ಕೂ ಅದೇ ಹೆಸರಾಯಿತು. ನಾವು ಇಂದು ಚಾಪೆಲ್ ಎನ್ನುವ ಮಾತು ಬಂದದ್ದು ಹಾಗೆ. ಒಂದು ತುಂಡು ಅರಿವೆ ಪ್ರಾರ್ಥನೆಯ ಮನೆಗೆ ಹೆಸರು ಕೊಟ್ಟಿತು.

ಈಗ ನಮ್ಮ ಕೌದಿಗೆ ಬರೋಣ. ಗುಲಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 2005ರಲ್ಲಿ. ಕೌದಿ ಈ ನೆಲದಲ್ಲಿ ಅದಕ್ಕಿಂತ ಬಹಳ ಹಿರಿಯದು. ಎಷ್ಟು ಹಿರಿಯದು ಎಂದು ತೋರಿಸಲು ಶಾಸನದ ಕಲ್ಲಿನಂತೆ ಅರಿವೆ ಉಳಿಯುವುದಿಲ್ಲ. ಹೊದ್ದು ಹೊದ್ದು ಹರಿಯುತ್ತದೆ, ಹರಿದದ್ದು ಇನ್ನೊಂದು ಕೌದಿಯ ಹೊಟ್ಟೆಗೆ ಸೇರುತ್ತದೆ. ಮಾತುಗಳು ಮಾತ್ರ ಉಳಿದಿವೆ. ಕಂತೆ, ಬೊಂತೆ, ಕೌದಿ. ಆಳಂದದ ನೆರೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರ ನಡುವೆ ಬೊಂತಾದೇವಿ ಎಂಬ ವಚನಕಾರ್ತಿ ಇದ್ದರು. ಕಾಶ್ಮೀರದ ರಾಜಮನೆತನದ ಹೆಣ್ಣುಮಗಳು, ಅರಮನೆಯ ಉಡುಗೆ ತೊರೆದು ಬಂದಾಗ ಆಕೆಗೆ ಮೈಮುಚ್ಚಲು ದೊರೆತದ್ದು ಬೊಂತೆ, ಅದೇ ಆಕೆಯ ಹೆಸರಾಯಿತು ಎಂಬುದು ಪರಂಪರೆಯ ಕಥೆ. ಅದೇ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೂ ಇದ್ದರು, ನೂಲು ತೆಗೆಯುವ ಕದಿರ ರೆಮ್ಮವ್ವೆಯೂ ಇದ್ದರು. ಸೂಜಿ ಮತ್ತು ಕದಿರು ಆಗಲೇ ಗೌರವದ ಕಾಯಕವಾಗಿದ್ದವು.

ನಮ್ಮ ಮೂರು ತಾಲ್ಲೂಕುಗಳು ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಆದ್ದರಿಂದ ಒಂದೇ ವಸ್ತುವಿಗೆ ಇಲ್ಲಿ ಮೂರು ಬಾಯಿ. ಕನ್ನಡದವರಿಗೆ ಕೌದಿ, ಗಡಿಯಾಚೆ ಸೋಲಾಪುರ, ಅಕ್ಕಲಕೋಟೆಯ ಮರಾಠಿ ನೆಂಟರಿಗೆ ಗೋಧಡಿ, ಹತ್ತಿ ತುಂಬಿದ್ದಾದರೆ ಉರ್ದುವಿನ ರಜಾಯಿ.

ಮಾಡುವ ಬಗೆ ಸರಳ, ಆದರೆ ಸುಲಭವಲ್ಲ. ನಾಲ್ಕೈದು ಹಳೆಯ ನೂಲಿನ ಸೀರೆ, ಧೋತರ ತೊಳೆದು ಒಣಗಿಸಿ, ಒಂದರ ಮೇಲೊಂದು ನೆಲದ ಮೇಲೆ ಹಾಸುತ್ತಾರೆ. ಮೇಲಿನ ಪದರಕ್ಕೆ ಕುಪ್ಪಸದ ತುಂಡು, ಅಂಗಿಯ ತುಂಡು, ಮಕ್ಕಳ ಲಂಗದ ತುಂಡು ಜೋಡಿಸುತ್ತಾರೆ. ಆಮೇಲೆ ಅಂಚಿನಿಂದ ಶುರುಮಾಡಿ, ಸುತ್ತು ಸುತ್ತು ಒಳಕ್ಕೆ ಬರುತ್ತಾ ಸಣ್ಣ ಓಟದ ಹೊಲಿಗೆ. ಸೂಜಿ ನಾಲ್ಕೈದು ಪದರ ದಾಟಬೇಕು, ಬೆರಳು ತೂತಾಗಬಾರದು. ಹೊಲಿಗೆ ನಡುವಿಗೆ ಬರುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಕೆಲವು ಮನೆಗಳಲ್ಲಿ ಊರಿಂದೂರಿಗೆ ಬರುವ ಗೊಂಧಳಿ ಮುಂತಾದ ಅಲೆಮಾರಿ ಸಮುದಾಯದ ಹೆಣ್ಣುಮಕ್ಕಳ ಕೈಯಲ್ಲಿ ಕೂಲಿ ಕೊಟ್ಟು ಹೊಲಿಸುತ್ತಿದ್ದರು.

ಇಲ್ಲೊಂದು ಮಾತು ತಿದ್ದಿಕೊಳ್ಳಬೇಕು. ಹೊಸ ಕೌದಿ ಹೊಲಿಯುವ ಕಾಲ ಸುಗ್ಗಿ ಮುಗಿದ ಬೇಸಿಗೆ. ಡಿಸೆಂಬರ್ ಅದನ್ನು ಹೊದೆಯುವ ಕಾಲ, ಬಿಚ್ಚಿಕೊಂಡ ಕಡೆ ತೇಪೆ ಹಾಕುವ ಕಾಲ. ಹಾಗಿದ್ದರೂ ಆಗಮನ ಕಾಲದಲ್ಲಿ ನನಗೆ ಕೌದಿ ನೆನಪಾಗುವುದಕ್ಕೆ ಕಾರಣವಿದೆ.

ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಡಿಸೆಂಬರ್ ಎಂದರೆ ಏನು? ತೊಗರಿ ಕೊಯ್ಲು. ಎಳ್ಳಮಾವಾಸ್ಯೆಗೆ ನೆರೆಯವರ ಹೊಲಕ್ಕೆ ಕರೆ, ಅದಕ್ಕೆ ಮೊದಲು ಸಜ್ಜಿ ರೊಟ್ಟಿ, ಭಜ್ಜಿಯ ಭರಾಟೆ. ಗೋಡೆಗೆ ಸುಣ್ಣ. ಮಕ್ಕಳಿಗೆ ಬಟ್ಟೆ. ಕರಿದ ತಿಂಡಿ, ಕೇಕು. ಮೇಲಿಂದ ಗಾನವೃಂದದ ಅಭ್ಯಾಸ. ಆಗಮನ ಕಾಲ ಮೌನದ ಕಾಲ, ಕಾಯುವ ಕಾಲ ಎಂದು ಪ್ರಬೋಧನೆಯಲ್ಲಿ ಕೇಳಿ ಬಂದವಳು ನೇರ ಒಲೆಯ ಮುಂದೆ ನಿಲ್ಲುತ್ತಾಳೆ. ಸುಮ್ಮನೆ ಕೂರಿ ಎಂದು ಅವಳಿಗೆ ಹೇಳುವುದು ಸುಲಭ. ಅವಳು ಸುಮ್ಮನೆ ಕೂತರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು: ಮನೆಯಲ್ಲಿ ಯಾರೋ ಒಬ್ಬರು ಒಂದು ಕೆಲಸ ಹೇಳುತ್ತಾರೆ.

ಆಯಿ, ಅವ್ವ ಕೌದಿ ಹಿಡಿದು ಕೂತಾಗ ಮಾತ್ರ ಯಾರೂ ಅವರನ್ನು ಎಬ್ಬಿಸುತ್ತಿರಲಿಲ್ಲ. ಅದು ಕೆಲಸವಾಗಿತ್ತಲ್ಲ! ಮುತ್ತ್ಯಾ ಸಹ ನೀರು ತಾನೇ ತೆಗೆದುಕೊಂಡು ಕುಡಿಯುತ್ತಿದ್ದ. ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿಯ ನಾಲ್ಕು ಮಗ್ಗುಲಿಗೆ ನಾಲ್ಕು ಮಂದಿ ಕೂತು ಹೊಲಿಯುವಾಗ ಮೊದಲು ಊರ ಸುದ್ದಿ, ನಂತರ ಮನೆಯ ದುಃಖ, ಆಮೇಲೆ ಮಾತೇ ಇಲ್ಲ. ಸೂಜಿ ಅರಿವೆಯೊಳಗೆ ಹೋಗುವ ಸಣ್ಣ ಸದ್ದು. ಕೆಲವೊಮ್ಮೆ ಒಬ್ಬರು ಜಪಸರದ ಪ್ರಾರ್ಥನೆ ಶುರುಮಾಡುತ್ತಿದ್ದರು. ಕೈಯಲ್ಲಿ ಮಣಿ ಇಲ್ಲ, ಹೊಲಿಗೆಯೇ ಲೆಕ್ಕ. ಆ ಹೆಣ್ಣುಮಕ್ಕಳು ಸಮಾಧಾನವನ್ನು ಕೆಲಸದ ವೇಷದಲ್ಲಿ ಮನೆಯೊಳಗೆ ತಂದುಕೊಂಡಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ಇದನ್ನು ಬರೀ ಸುಂದರ ಚಿತ್ರವಾಗಿ ನೋಡಬಾರದು. ಕೌದಿ ಬಡತನದ ಕೂಸು. ಅರಿವೆ ಎಸೆಯುವ ಶಕ್ತಿ ಇಲ್ಲದವರು ಅದನ್ನು ಹೊಲಿದರು. ಮುಂಬಯಿಯಿಂದ ಬಂದ ರೈಲು ದಾರಿ ಗುಲಬರ್ಗ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಅದರ ಜೊತೆ ಗಿರಣಿ ಬಟ್ಟೆ ಬಂತು. ಆ ಶತಮಾನ ಮುಗಿಯುವ ಮೊದಲೇ ಗುಲಬರ್ಗದಲ್ಲೇ ಮಹಬೂಬ್ ಶಾಹಿ ಮಿಲ್ ಎದ್ದಿತು. ಎಂ.ಎಸ್.ಕೆ. ಮಿಲ್ ಎಂದು ಜನರ ಬಾಯಲ್ಲಿದ್ದ ಅದು ಈಗ ಮುಚ್ಚಿದೆ, ಬಡಾವಣೆಗೆ ಹೆಸರಾಗಿ ಉಳಿದಿದೆ. ಗಿರಣಿ ಸೀರೆ ಅಗ್ಗವಾದಂತೆ ಕೌದಿಗೆ ಬಣ್ಣ ಹೆಚ್ಚಿತು. ಅದೇ ರೈಲಿನಲ್ಲಿ ಬರಗಾಲದಲ್ಲಿ ನಮ್ಮವರು ಸೋಲಾಪುರಕ್ಕೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋದರು. 1972ರ ಬರವನ್ನು ಹಿರಿಯರು ಇನ್ನೂ ಹೇಳುತ್ತಾರೆ. ಪಾತ್ರೆ ಗಂಟಿನ ಜೊತೆ ಹೋದದ್ದು ಕೌದಿ. ಕಟ್ಟಡದ ಮರಳಿನ ಮೇಲೆ ಹಾಸಿದರೆ ಹಾಸಿಗೆ, ಹೊದ್ದರೆ ಮನೆ.

ಅದೇ ರೈಲು ಇನ್ನೊಂದು ಜನಾಂಗದ ಬದುಕನ್ನೂ ತಿರುಗಿಸಿತು. ಎತ್ತಿನ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿ ದಖ್ಖನಿನ ಉದ್ದಕ್ಕೂ ನಡೆಯುತ್ತಿದ್ದ ಲಂಬಾಣಿಗಳ ವ್ಯಾಪಾರಕ್ಕೆ ರೈಲು ಮತ್ತು ರಸ್ತೆ ಬಂದ ಮೇಲೆ ಜಾಗವಿಲ್ಲದಾಯಿತು. ಅವರು ತಾಂಡಾಗಳಲ್ಲಿ ನೆಲೆ ನಿಂತರು. ನಮ್ಮ ಆಳಂದದ ಸುತ್ತಲೂ ಅಂಥ ತಾಂಡಾಗಳಿವೆ. ಅಲ್ಲಿನ ಹಿರಿಯ ಹೆಣ್ಣುಮಕ್ಕಳ ಪೇಟಿಯಾ, ಕಾಂಚಳಿಗಳ ಮೇಲಿನ ಕನ್ನಡಿ, ಕವಡೆ, ದಾರದ ಕೆಲಸ ನೋಡಿದವರಿಗೆ ಆ ಕೈಗಳ ತಾಳ್ಮೆ ಗೊತ್ತು. ಲಂಬಾಣಿ ಕಸೂತಿಯ ಹದಿನಾಲ್ಕು ಹೊಲಿಗೆಗಳಲ್ಲಿ ಒಂದರ ಹೆಸರೂ ಕೌದಿ ಎಂದೇ! ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಕೌದಿಯಲ್ಲಿ ಶಿಲುಬೆಯನ್ನೇ ಹೊಲಿದವರು ಉತ್ತರ ಕನ್ನಡದ ಸಿದ್ದಿ ಸಹೋದರಿಯರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇದೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕಥೋಲಿಕರೂ ಇದ್ದಾರೆ. ಕಥೋಲಿಕ ಸಿದ್ದಿಗಳ ಕೌದಿಗಳಲ್ಲಿ ಬಣ್ಣದ ತುಂಡುಗಳ ನಡುವೆ ಶಿಲುಬೆ ಕಾಣುತ್ತದೆ. ಮೂಲೆಗಳಲ್ಲಿ ಮುಕ್ಕೋನವಾಗಿ ಮಡಿಸಿದ ಅರಿವೆ ಕೂರಿಸುತ್ತಾರೆ, ಅದನ್ನು ‘ಫೂಲ’ ಅಂದರೆ ಹೂವು ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಲೆಕ್ಕಕ್ಕೆ ಬೆತ್ತಲೆ ಕೌದಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವನ್ನು ಅಧ್ಯಯನ ಮಾಡಿ ಬರೆದ ಮೇಲೆ ಹೊರದೇಶದವರ ಕಣ್ಣು ಇವುಗಳ ಮೇಲೆ ಬಿತ್ತು.

ನಮ್ಮ ತಾಲ್ಲೂಕುಗಳ ಕೌದಿಗೆ ಅಂಥ ಹೆಸರೇನೂ ಬಂದಿಲ್ಲ. ಅದಕ್ಕೆ ಕುತ್ತು ಬಂದಿರುವುದು ಎರಡು ಕಡೆಯಿಂದ. ಪಾಣಿಪತ್ತಿನ ಹುಲಿಚಿತ್ರದ ಮೆತ್ತನೆ ಬ್ಲಾಂಕೆಟ್ ಸಂತೆಯಲ್ಲೇ ಸಿಗುತ್ತದೆ. ಹೊಲಿಯೋಣವೆಂದರೆ ಮನೆಯಲ್ಲಿ ನೂಲಿನ ಸೀರೆಯೇ ಉಳಿದಿಲ್ಲ. ಪಾಲಿಯೆಸ್ಟರ್ ಪದರ ಒಂದರ ಮೇಲೊಂದು ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ಉಟ್ಟರೂ ಹಳೆಯದಾಗಿ ಮೆತ್ತಗಾಗುವುದಿಲ್ಲ. ನನಗೆ ಇದರಲ್ಲಿ ಬೇಸರ ಕೌದಿ ಹೋದದ್ದಕ್ಕಿಂತ, ಅದರ ಜೊತೆ ಆ ಮಧ್ಯಾಹ್ನಗಳು ಹೋದದ್ದಕ್ಕೆ. ಬ್ಲಾಂಕೆಟ್ ಕೊಂಡವಳಿಗೆ ಕೂರುವ ನೆಪ ಸಿಗಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ತೀರಿಕೊಂಡಾಗ ಊರಿನ ವಿಧವೆಯರು ಸಂತ ಪೇತ್ರರ ಮುಂದೆ ನಿಂತು ಅಳುತ್ತಾರೆ. ಅಳುತ್ತಾ ಅವರು ಮಾಡಿದ್ದೇನು ಗೊತ್ತೇ? ಆಕೆ ಬದುಕಿದ್ದಾಗ ಹೊಲಿದುಕೊಟ್ಟ ಅಂಗಿ, ಮೇಲಂಗಿಗಳನ್ನು ತೋರಿಸಿದರು. ಆಕೆಯ ವಿಷಯದಲ್ಲಿ ಹೇಳಬೇಕಾದದ್ದನ್ನೆಲ್ಲ ಆ ಬಟ್ಟೆಗಳೇ ಹೇಳುತ್ತಿದ್ದವು.

ಕಳೆದ ಆಗಮನ ಕಾಲದಲ್ಲಿ ಅಫಜಲಪುರ ಕಡೆಯ ಒಂದು ಮನೆಗೆ ಹೋಗಿದ್ದೆ. ಸಂಜೆಯ ಪ್ರಾರ್ಥನೆ ಮುಗಿದಿತ್ತು. ಆ ಮನೆಯ ಅಜ್ಜಿ ತೀರಿಹೋದ ತನ್ನ ತಂಗಿಯ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಗೋದಲಿಯ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದಳು. ಹಿಂದೆಲ್ಲ ತೊಟ್ಟಿಲಿಗೆ ಹಾಕುವ ಕೂಸಿಗೆ ತವರಿನವರು ತರುತ್ತಿದ್ದಂಥ ಕುಂಚಿಗೆ, ಆದರೆ ಅಂಗೈಯಷ್ಟೇ ಅಗಲದ್ದು. ಅವಳಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿರಲಿಲ್ಲ. ಹತ್ತು ವರ್ಷದ ಮೊಮ್ಮಗಳು ಮೊಬೈಲು ಬದಿಗಿಟ್ಟು, ದಾರದ ತುದಿಯನ್ನು ಬಾಯಲ್ಲಿ ಒದ್ದೆಮಾಡಿ, ಸೂಜಿಗೆ ಪೋಣಿಸಿ ಕೊಟ್ಟಳು. ಮತ್ತೆ ಮೊಬೈಲು ತೆಗೆದುಕೊಳ್ಳಲು ಕೈ ಚಾಚಿದವಳು ಯಾಕೋ ನಿಂತಳು.

“ನಾ ಒಂದ್ ಗೆರಿ ಹೊಲಿಲೇನಮ್ಮಾ?”

ಅಜ್ಜಿ ಕುಂಚಿಗೆಯನ್ನು ಅವಳ ತೊಡೆಯ ಮೇಲಿಟ್ಟು, ಬೆರಳು ಎಲ್ಲಿರಬೇಕೆಂದು ತೋರಿಸಿ, ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.